ಮ್ಯಾಗ್ನೆಟೊಮೀಟರ್‌ಗೆ ಲ್ಯಾಪ್‌ಟಾಪ್ ಜೋಡಿಸುವ ಮುನ್ನ: ಕಾಂತ ಸರ್ವೆ ಗೆಲ್ಲಲು 15 ಸೂತ್ರಗಳು

ನೆಲದಡಿಯ ಕಬ್ಬಿಣದ ಅದಿರು, ಗ್ರಾನೈಟನ್ನು ಸೀಳಿಕೊಂಡು ಎದ್ದ ಕರಿಕಲ್ಲಿನ ಡೈಕ್, ಮಣ್ಣಲ್ಲಿ ಹೂತುಹೋದ ಹಳೆಯ ಇಟ್ಟಿಗೆ ಗೂಡು, ಇವೆಲ್ಲ ತಮ್ಮ ಮೇಲಿನ ಭೂಕಾಂತಕ್ಷೇತ್ರವನ್ನು ಚೂರು ಏರುಪೇರು ಮಾಡುತ್ತವೆ. ಆ ಚೂರನ್ನು ಹಿಡಿಯುವುದೇ ಕಾಂತ ಸರ್ವೆ. ದಕ್ಷಿಣ ಭಾರತದಲ್ಲಿ ಕ್ಷೇತ್ರದ ಒಟ್ಟು ಬಲ ಸುಮಾರು 40,000ದಿಂದ 43,000 ನ್ಯಾನೊಟೆಸ್ಲಾ. ನಾವು ಹುಡುಕುವ ಡೈಕಿನ ಗುರುತು ಕೆಲವು ಕಡೆ ಇಪ್ಪತ್ತು ಮೂವತ್ತು ನ್ಯಾನೊಟೆಸ್ಲಾ ಮಾತ್ರ. ಅಂದರೆ ಸಾವಿರಕ್ಕೆ ಒಂದು ಪಾಲಿಗಿಂತಲೂ ಕಡಿಮೆ.

ಇಷ್ಟು ಸೂಕ್ಷ್ಮವನ್ನು ಅಳೆಯುವ ಶಕ್ತಿ ಉಪಕರಣಕ್ಕಿದೆ. ಕೆಲಸ ಕೆಡುವುದು ಹೆಚ್ಚಾಗಿ ಉಪಕರಣಕ್ಕೂ ಲ್ಯಾಪ್‌ಟಾಪಿಗೂ ನಡುವೆ. ಅಲ್ಲಾಗುವ ತಪ್ಪುಗಳು ಎರಡು ಬಗೆ. ಕೇಬಲ್ ಸರಿಯಿಲ್ಲ, ಪೋರ್ಟ್ ಸಿಗುತ್ತಿಲ್ಲ ಎಂಬಂಥವು ಪರದೆಯ ಮೇಲೆ ತಾವಾಗಿಯೇ ಕಾಣುತ್ತವೆ. ಅರ್ಧ ದಿನ ಹಾಳಾದರೂ ತಪ್ಪಿದೆ ಎಂಬುದಂತೂ ಗೊತ್ತಾಗುತ್ತದೆ. ಗಡಿಯಾರ ಐದೂವರೆ ಗಂಟೆ ಹಿಂದಿದೆ, ನಕ್ಷೆಯ ವಲಯ ತಪ್ಪಿದೆ ಎಂಬಂಥವು ಸದ್ದೇ ಮಾಡುವುದಿಲ್ಲ. ಸಾಫ್ಟ್‌ವೇರ್ ಸರಾಗವಾಗಿ ಓಡುತ್ತದೆ, ಫೈಲ್ ತುಂಬುತ್ತದೆ, ಬಣ್ಣಬಣ್ಣದ ನಕ್ಷೆಯೂ ಬರುತ್ತದೆ. ಆ ನಕ್ಷೆ ನಂಬಿ ಕೊಳವೆಬಾವಿ ಕೊರೆದವನಿಗೆ ಮಾತ್ರ ನಷ್ಟ. ಆದ್ದರಿಂದ ಮೊದಲ ಬಗೆಯದನ್ನು ಇಲ್ಲಿ ಬೇಗ ಮುಗಿಸಿ, ಎರಡನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಪ್ರೋಟಾನ್, ಓವರ್‌ಹೌಸರ್, ಸೀಸಿಯಂ, ಯಾವ ಬಗೆಯ ಮ್ಯಾಗ್ನೆಟೊಮೀಟರ್ ಆದರೂ ಬಹುಪಾಲು ಸೂತ್ರಗಳು ಅನ್ವಯಿಸುತ್ತವೆ.

1. ಮೊದಲು ಉಪಕರಣ ಒಂದನ್ನೇ ನಡೆಸಿ

ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ. ವಿದ್ಯುತ್ ಕಂಬ, ತಂತಿಬೇಲಿ, ವಾಹನಗಳಿಂದ ದೂರ ಹೋಗಿ, ಸೆನ್ಸರನ್ನು ಅದರ ಕೋಲಿಗೆ ಸಿಕ್ಕಿಸಿ ನಿಲ್ಲಿಸಿ, ಅಲುಗಿಸದೆ ಹತ್ತಾರು ರೀಡಿಂಗ್ ತೆಗೆಯಿರಿ. ಒಂದರ ಹಿಂದೊಂದು ಬರುವ ಅಂಕಿಗಳು ಒಂದು ನ್ಯಾನೊಟೆಸ್ಲಾದ ಒಳಗೇ ಆಚೀಚೆ ಆಗಬೇಕು. ಉಪಕರಣದ ಸ್ವಂತ ಪರದೆಯಲ್ಲೇ ಅಂಕಿ ಕುಣಿಯುತ್ತಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡಲಾರದು.

ಪ್ರೋಟಾನ್ ಉಪಕರಣವಾದರೆ ಟ್ಯೂನಿಂಗ್ ನೋಡಿ. ಸೆನ್ಸರಿನ ಬಾಟಲಿಯಲ್ಲಿ ಸೀಮೆಎಣ್ಣೆಯಂಥ ಹೈಡ್ರೋಜನ್ ತುಂಬಿದ ದ್ರವ ಇರುತ್ತದೆ. ಅದರ ಪ್ರೋಟಾನುಗಳು ಸುತ್ತಲಿನ ಕ್ಷೇತ್ರಕ್ಕೆ ತಕ್ಕ ವೇಗದಲ್ಲಿ ಸುತ್ತುತ್ತವೆ. ಕ್ಷೇತ್ರ 41,000 ನ್ಯಾನೊಟೆಸ್ಲಾ ಇದ್ದರೆ ಸೆಕೆಂಡಿಗೆ ಸುಮಾರು 1,746 ಸುತ್ತು. ಈ ಕ್ಷೀಣ ಸಿಗ್ನಲ್ ಹಿಡಿಯಬೇಕಾದರೆ ಎಷ್ಟು ಬಲದ ಕ್ಷೇತ್ರ ನಿರೀಕ್ಷಿಸಬೇಕು ಎಂದು ಉಪಕರಣಕ್ಕೆ ಮೊದಲೇ ತಿಳಿಸಿರಬೇಕು. ಕಾಶ್ಮೀರದ ಕಡೆ ಕ್ಷೇತ್ರ 50,000 ದಾಟುತ್ತದೆ. ಅಲ್ಲಿ ದುಡಿದು ಬಂದ ಉಪಕರಣವನ್ನು ಸೆಟ್ಟಿಂಗ್ ಬದಲಿಸದೆ ಹಾಸನದಲ್ಲಿ ಚಾಲೂ ಮಾಡಿದರೆ ಅಂಕಿಗಳು ಬರುತ್ತವೆ, ಅರ್ಥ ಇರುವುದಿಲ್ಲ.

2. ಡ್ರೈವರನ್ನು ಊರಲ್ಲೇ ಹಾಕಿಕೊಳ್ಳಿ

ಹೆಚ್ಚಿನ ಮ್ಯಾಗ್ನೆಟೊಮೀಟರುಗಳು ಇಂದಿಗೂ ಮಾತಾಡುವುದು ಆರ್‌ಎಸ್ 232 ಎಂಬ ಹಳೆಯ ಸೀರಿಯಲ್ ಭಾಷೆಯಲ್ಲಿ. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಸಾಕೆಟ್ ಇಲ್ಲ, ಯುಎಸ್‌ಬಿ ಕನ್ವರ್ಟರ್ ಬೇಕು. ಕನ್ವರ್ಟರಿನೊಳಗಿನ ಚಿಪ್ ಯಾವ ಕಂಪನಿಯದು ಎಂಬುದರ ಮೇಲೆ ಡ್ರೈವರ್ ನಿಲ್ಲುತ್ತದೆ. ಅಗ್ಗದ ನಕಲಿ ಚಿಪ್‌ಗಳನ್ನು ಹೊಸ ಡ್ರೈವರುಗಳು ಒಪ್ಪಿಕೊಳ್ಳುವುದೇ ಇಲ್ಲ. ಹಿಂದಿನ ವರ್ಷ ನಡೆದ ಕೇಬಲ್ ವಿಂಡೋಸ್ ಅಪ್‌ಡೇಟ್ ಆದಮೇಲೆ ನಿಂತುಹೋಗುವುದಕ್ಕೆ ಇದು ದೊಡ್ಡ ಕಾರಣ. ಒಳ್ಳೆಯ ಕನ್ವರ್ಟರ್ ಎರಡು ಕೊಳ್ಳಿ. ಎರಡನ್ನೂ ಇಂಟರ್ನೆಟ್ ಇರುವ ಜಾಗದಲ್ಲೇ ಹಾಕಿ ನೋಡಿ. ಡ್ರೈವರ್ ಫೈಲನ್ನು ಪೆನ್‌ಡ್ರೈವಿನಲ್ಲೂ ಇಟ್ಟುಕೊಳ್ಳಿ. ಸಂಡೂರಿನ ಗುಡ್ಡದ ಮೇಲೆ ನಿಂತು ಡೌನ್‌ಲೋಡ್ ಮಾಡುವ ಕೆಲಸ ಅದಲ್ಲ.

3. ಪೋರ್ಟಿಗೆ ಒಂದೇ ಸಂಖ್ಯೆ, ಒಂದೇ ಕಿಂಡಿ

ಕನ್ವರ್ಟರನ್ನು ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದರೆ ವಿಂಡೋಸ್ ಅದಕ್ಕೆ ಬೇರೆ ಪೋರ್ಟ್ ಸಂಖ್ಯೆ ಕೊಟ್ಟುಬಿಡಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಸಂಖ್ಯೆಯನ್ನು ನೀವೇ ನಿಗದಿ ಮಾಡಿ, ಕಿಂಡಿಯ ಪಕ್ಕ ಸ್ಟಿಕರ್ ಅಂಟಿಸಿ ಬರೆದಿಡಿ. ಜಿಪಿಎಸ್‌ಗೆ ಒಂದು, ಮ್ಯಾಗ್ನೆಟೊಮೀಟರ್‌ಗೆ ಒಂದು. ಹಳೆಯ ಸಾಫ್ಟ್‌ವೇರುಗಳಿಗೆ ಸಣ್ಣ ಸಂಖ್ಯೆಗಳು ಮಾತ್ರ ಗೊತ್ತು, ಪೋರ್ಟ್ 17 ಅಂದರೆ ಅವಕ್ಕೆ ಅದು ಇಲ್ಲವೇ ಇಲ್ಲ.

4. ಸಾಫ್ಟ್‌ವೇರಿಗಿಂತ ಮೊದಲು ಟರ್ಮಿನಲ್ಲಿನಲ್ಲಿ ಮಾತಾಡಿಸಿ

ಪುಟ್ಟಿ ಅಥವಾ ಟೆರಾಟರ್ಮ್‌ನಂಥ ಉಚಿತ ಟರ್ಮಿನಲ್ ತೆರೆದು, ಕೈಪಿಡಿಯಲ್ಲಿ ಕೊಟ್ಟಿರುವ ಬಾಡ್ ವೇಗ ಹಾಕಿ. ಸಾಮಾನ್ಯವಾಗಿ 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಇಲ್ಲಿ ಏನು ಕಾಣುತ್ತದೋ ಅದೇ ರೋಗದ ಗುರುತು.

ಅರ್ಥವಾಗದ ಚಿಹ್ನೆಗಳು ಸುರಿಯುತ್ತಿದ್ದರೆ ಬಾಡ್ ವೇಗ ತಪ್ಪಿದೆ, ತಂತಿ ಸರಿಯಿದೆ. ಪರದೆ ಖಾಲಿಯೇ ಇದ್ದರೆ ಪೋರ್ಟ್ ತಪ್ಪಿದೆ, ಇಲ್ಲವೇ ಕಳಿಸುವ ತಂತಿ ಕಳಿಸುವ ತಂತಿಗೇ ಸೇರಿಕೊಂಡಿದೆ. ಆಗ ಅಡ್ಡ ಜೋಡಣೆಯ ನಲ್ ಮೋಡೆಮ್ ಕೇಬಲ್ ಬೇಕು. ಕೇಬಲ್ ಮೇಲೆ ಅನುಮಾನ ಬಂದರೆ ಉಪಕರಣದ ತುದಿಯನ್ನು ಬಿಚ್ಚಿ, ಒಂಬತ್ತು ಪಿನ್ನಿನ ಪ್ಲಗ್ಗಿನಲ್ಲಿ ಎರಡನೇ ಮತ್ತು ಮೂರನೇ ಪಿನ್ನುಗಳನ್ನು ತಂತಿಚೂರಿನಿಂದ ಮುಟ್ಟಿಸಿ ಕೀಲಿ ಒತ್ತಿ. ಒತ್ತಿದ ಅಕ್ಷರ ಪರದೆಗೆ ತಿರುಗಿ ಬಂದರೆ ಅಲ್ಲಿಯವರೆಗೆ ದಾರಿ ಸರಿಯಿದೆ. ರೀಡಿಂಗ್ ಬರುತ್ತಿದೆ, ಆದರೆ ನೀವು ಕೊಟ್ಟ ಆಜ್ಞೆಗೆ ಉಪಕರಣ ಉತ್ತರಿಸುತ್ತಿಲ್ಲ ಎಂದಾದರೆ ಸಾಲು ಮುಗಿಯುವ ಗುರುತನ್ನು ಬದಲಿಸಿ ನೋಡಿ.

ಕೊನೆಗೆ ಟರ್ಮಿನಲ್ಲನ್ನು ಮುಚ್ಚಲೇಬೇಕು. ಒಂದು ಪೋರ್ಟನ್ನು ಒಂದು ಹೊತ್ತಿನಲ್ಲಿ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಲ್ಲದು.

5. ಮೌಸ್ ತಾನಾಗಿ ಹಾರಾಡಿದರೆ ಗಾಬರಿಯಾಗಬೇಡಿ

ಲ್ಯಾಪ್‌ಟಾಪ್ ಆನ್ ಆಗುವಾಗಲೇ ಜಿಪಿಎಸ್ ಅಥವಾ ಮ್ಯಾಗ್ನೆಟೊಮೀಟರ್ ಅಂಕಿ ಕಳಿಸುತ್ತಿದ್ದರೆ ವಿಂಡೋಸ್ ಅದನ್ನು ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ತಿಳಿಯುತ್ತದೆ. ಬಾಣ ಪರದೆಯ ತುಂಬ ಓಡಾಡಿ ಸಿಕ್ಕಿದ್ದನ್ನೆಲ್ಲ ತೆರೆಯುತ್ತದೆ. ವೈರಸ್ ಅಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಸೀರಿಯಲ್ ಮೌಸನ್ನು ನಿಷ್ಕ್ರಿಯಗೊಳಿಸಿ. ಮುಂದೆ ಲ್ಯಾಪ್‌ಟಾಪ್ ಪೂರ್ತಿ ಏಳಲಿ, ಆಮೇಲೆ ಕೇಬಲ್ ಹಾಕಿ.

6. ಗಡಿಯಾರಕ್ಕೆ ಒಬ್ಬನೇ ಯಜಮಾನ

ಇಲ್ಲಿಂದ ಸದ್ದಿಲ್ಲದ ತಪ್ಪುಗಳ ಸರದಿ. ಅವುಗಳಲ್ಲಿ ಸಮಯವೇ ಮೊದಲು.

ಭೂಕಾಂತಕ್ಷೇತ್ರ ಸ್ಥಿರವಲ್ಲ. ಸೂರ್ಯ ಏರಿದಂತೆ ಮೇಲಿನ ವಾಯುಮಂಡಲದಲ್ಲಿ ವಿದ್ಯುತ್ ಹರಿದು ಕ್ಷೇತ್ರ ಏರುತ್ತದೆ, ಮಧ್ಯಾಹ್ನದ ಮೇಲೆ ಇಳಿಯುತ್ತದೆ. ಶಾಂತ ದಿನದಲ್ಲೂ ಈ ಏರಿಳಿತ ಹತ್ತಾರು ನ್ಯಾನೊಟೆಸ್ಲಾ. ಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯಲ್ಲಿ ಹಾದುಹೋಗುವುದರಿಂದ, ದಕ್ಷಿಣಕ್ಕೆ ಹೋದಷ್ಟೂ ಇದು ಹೆಚ್ಚು. ಹುಡುಕುವ ಗುರುತಿಗಿಂತ ದೊಡ್ಡದಾದ ಈ ಏರಿಳಿತವನ್ನು ಕಳೆಯಲೆಂದೇ ಒಂದು ಉಪಕರಣವನ್ನು ಬೇಸ್ ಸ್ಟೇಷನ್ನಾಗಿ ಒಂದೆಡೆ ನಿಲ್ಲಿಸುತ್ತೇವೆ, ಇನ್ನೊಂದನ್ನು ರೋವರ್ ಆಗಿ ಹೊತ್ತು ನಡೆಯುತ್ತೇವೆ. ಸಂಜೆ ಸಾಫ್ಟ್‌ವೇರ್ ಎರಡರ ಸಮಯ ಹೊಂದಿಸಿ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ.

ಬೇಸ್ ಉಪಕರಣ ಜಿಪಿಎಸ್‌ನಿಂದ ವಿಶ್ವಮಾನ ಸಮಯ ತೆಗೆದುಕೊಂಡಿದೆ, ಹೊತ್ತು ನಡೆಯುವ ಉಪಕರಣಕ್ಕೆ ಯಾರೋ ಕೈಗಡಿಯಾರ ನೋಡಿ ಭಾರತೀಯ ಸಮಯ ಹಾಕಿದ್ದಾರೆ ಎಂದುಕೊಳ್ಳಿ. ನಡುವಿನ ಅಂತರ ಐದೂವರೆ ಗಂಟೆ. ಬೇಸನ್ನು ಇಡೀ ದಿನ ಓಡಿಸಿದ್ದರೆ ಸಾಫ್ಟ್‌ವೇರಿಗೆ ಹೊಂದುವ ಸಮಯ ಸಿಕ್ಕೇ ಸಿಗುತ್ತದೆ. ಬೆಳಗಿನ ಹತ್ತರ ರೀಡಿಂಗಿನಿಂದ ಮಧ್ಯಾಹ್ನ ಮೂರೂವರೆಯ ಬೇಸ್ ರೀಡಿಂಗನ್ನು ಕಳೆದು, ಕೆಲಸ ಮುಗಿಯಿತು ಎನ್ನುತ್ತದೆ. ಒಂದು ದೂರೂ ಇಲ್ಲ. ಆದ್ದರಿಂದ ಬೇಸ್, ರೋವರ್, ಲ್ಯಾಪ್‌ಟಾಪ್ ಮೂರಕ್ಕೂ ವಿಶ್ವಮಾನ ಸಮಯವನ್ನೇ ಹಾಕಿ. ವರದಿ ಬರೆಯುವಾಗ ಬೇಕಾದರೆ ಭಾರತೀಯ ಸಮಯಕ್ಕೆ ತಿರುಗಿಸಿಕೊಳ್ಳಬಹುದು.

ಸೆಕೆಂಡುಗಳ ತಪ್ಪಿಗೆ ಬೇರೆಯೇ ಬೆಲೆ. ಶಾಂತ ದಿನದಲ್ಲಿ ಬೇಸ್ ಗಡಿಯಾರ ಒಂದು ನಿಮಿಷ ತಪ್ಪಿದರೂ ಒಂದು ನ್ಯಾನೊಟೆಸ್ಲಾ ಏರುಪೇರಾಗದು. ಆದರೆ ಹೊತ್ತು ನಡೆಯುವ ಉಪಕರಣದ ಸಮಯಕ್ಕೂ ಜಿಪಿಎಸ್ ಸಮಯಕ್ಕೂ ಅಂತರ ಇದ್ದರೆ ಅಳೆದ ಜಾಗವೇ ಬದಲಾಗುತ್ತದೆ. ಜಿಪಿಎಸ್ ಉಪಗ್ರಹಗಳ ಸ್ವಂತ ಸಮಯ 2017ರ ಜನವರಿ 1ರಿಂದ ವಿಶ್ವಮಾನ ಸಮಯಕ್ಕಿಂತ 18 ಸೆಕೆಂಡು ಮುಂದಿದೆ. ರಿಸೀವರ್ ಈ ಅಂತರವನ್ನು ಉಪಗ್ರಹದಿಂದಲೇ ಕಲಿಯುತ್ತದೆ, ಅದಕ್ಕೆ ಹನ್ನೆರಡೂವರೆ ನಿಮಿಷದವರೆಗೂ ಬೇಕಾಗಬಹುದು. ಆನ್ ಮಾಡಿದ ಕೂಡಲೇ ಲಾಗಿಂಗ್ ಶುರುಮಾಡಿದವರ ಫೈಲಿನಲ್ಲಿ ನಡುವೆ ಸಮಯ ಹಿಂದಕ್ಕೆ ಜಿಗಿದಿರಬಹುದು. ಸೆಕೆಂಡಿಗೆ ಒಂದು ಮೀಟರ್ ನಡೆಯುವವರಿಗೆ 18 ಸೆಕೆಂಡು ಅಂದರೆ 18 ಮೀಟರ್. ಹತ್ತು ಮೀಟರ್ ವೇಗದ ಡ್ರೋನಿಗೆ 180 ಮೀಟರ್. ಬಯಲಿಗೆ ಬಂದೊಡನೆ ಜಿಪಿಎಸ್ ಆನ್ ಮಾಡಿ, ಕಾಲುಗಂಟೆ ಬಿಟ್ಟು ಲಾಗಿಂಗ್ ಶುರುಮಾಡಿ.

7. ಜಿಪಿಎಸ್ ಕಳಿಸುವ ಸಾಲುಗಳನ್ನು ಆಯ್ದುಕೊಳ್ಳಿ

ಜಿಪಿಎಸ್ ಹಲವು ಬಗೆಯ ಸಾಲುಗಳನ್ನು ಕಳಿಸುತ್ತದೆ. ಜಿಜಿಎ ಎಂಬ ಸಾಲಿನಲ್ಲಿ ಸಮಯ, ಸ್ಥಾನ, ಎತ್ತರ ಇರುತ್ತದೆ, ದಿನಾಂಕ ಇರುವುದಿಲ್ಲ. ದಿನಾಂಕ ಬೇಕಾದರೆ ಆರ್‌ಎಂಸಿ ಅಥವಾ ಝಡ್‌ಡಿಎ ಸಾಲನ್ನೂ ಚಾಲೂ ಮಾಡಬೇಕು. ವಿಶ್ವಮಾನ ಸಮಯದ ಮಧ್ಯರಾತ್ರಿ ನಮಗೆ ಬೆಳಗಿನ ಐದೂವರೆ. ಬೇಸನ್ನು ರಾತ್ರಿಯಿಡೀ ಓಡಿಸುವವರಿಗೆ ದಿನಾಂಕ ಬದಲಾಗುವುದು ಆಗ. ಉಳಿದ ಸಾಲುಗಳನ್ನು ಆರಿಸಿಬಿಡಿ. ಹಳೆಯ 4800 ಬಾಡ್ ವೇಗದಲ್ಲಿ ಎಲ್ಲವನ್ನೂ ತುರುಕಿದರೆ ಸಾಲುಗಳು ತಡವಾಗಿ ತಲುಪುತ್ತವೆ.

8. ಬೇಸ್ ಸ್ಟೇಷನ್ನಿಗೆ ಜಾಗ ನೋಡುವುದೂ ಸೆಟ್ಟಿಂಗೇ

ಮುಂಬೈಯ ಕೊಲಾಬಾದಲ್ಲಿ 1841ರಿಂದ ಭೂಕಾಂತ ವೀಕ್ಷಣಾಲಯ ಇತ್ತು. ನಗರದಲ್ಲಿ ಕುದುರೆ ಟ್ರಾಮಿನ ಬದಲು ವಿದ್ಯುತ್ ಟ್ರಾಮ್ ಬರುತ್ತದೆ ಎಂದಾಗ ಅದರ ಹರಿವಿನಿಂದ ಅಳತೆ ಕೆಡುತ್ತದೆ ಎಂದು ಗೊತ್ತಾಯಿತು. ಆಗ ನಿರ್ದೇಶಕರಾಗಿದ್ದ ನಾನಾಭಾಯ್ ಮೂಸ್ ಸಮುದ್ರದಾಚೆಯ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿಸಿದರು. ಅದು 1904ರಲ್ಲಿ ಕೆಲಸ ಶುರುಮಾಡಿತು. 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು ಹೋಲಿಸಿಕೊಂಡು, ಆಮೇಲೆ ಕೊಲಾಬಾದ ಅಳತೆ ನಿಲ್ಲಿಸಿದರು. ಹಳೆಯ ಸರಣಿಗೂ ಹೊಸ ಸರಣಿಗೂ ಕೊಂಡಿ ಕಳಚದಂತೆ ನೋಡಿಕೊಂಡ ಆ ಎರಡು ವರ್ಷಗಳ ತಾಳ್ಮೆ ಇಂದಿನ ಸರ್ವೆಯವರಿಗೂ ಪಾಠ. ಬೇಸ್ ಜಾಗ ಬದಲಿಸುವುದಾದರೆ ಹಳೆಯದರಲ್ಲೂ ಹೊಸದರಲ್ಲೂ ಒಂದಷ್ಟು ಹೊತ್ತು ಒಟ್ಟಿಗೆ ಅಳೆದು, ವ್ಯತ್ಯಾಸವನ್ನು ಸಾಫ್ಟ್‌ವೇರಿನಲ್ಲಿ ದಾಖಲಿಸಿ.

ಬೆಂಗಳೂರಿನ ಸುತ್ತ ಕೆಲಸ ಮಾಡುವವರು ಟ್ರಾಮಿನ ಜಾಗದಲ್ಲಿ ಮೆಟ್ರೊ ಎಂದು ಓದಿಕೊಳ್ಳಬೇಕು. ನಮ್ಮ ಮೆಟ್ರೊ ಓಡುವುದು 750 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ. ರೈಲು ಹೊರಟಾಗ, ನಿಂತಾಗ ಹರಿವು ಬದಲಾಗಿ ಕ್ಷೇತ್ರ ಅಲುಗುತ್ತದೆ. ಬೇಸಿಗೂ ರೋವರಿಗೂ ಅದು ಒಂದೇ ಅಳತೆಯಲ್ಲಿ ತಟ್ಟುವುದಿಲ್ಲ, ಹಾಗಾಗಿ ಕಳೆದರೂ ಹೋಗುವುದಿಲ್ಲ.

ಸೂರ್ಯನ ಬಿರುಗಾಳಿ ಎದ್ದ ದಿನ ಕೆಲಸ ನಿಲ್ಲಿಸುವುದೇ ಜಾಣತನ. 1859ರ ಸೆಪ್ಟೆಂಬರ್ 2ರಂದು ಇದೇ ಕೊಲಾಬಾದಲ್ಲಿ ಕ್ಷೇತ್ರದ ಅಡ್ಡ ಬಲ ಸುಮಾರು 1,600 ನ್ಯಾನೊಟೆಸ್ಲಾ ಕುಸಿದದ್ದು ದಾಖಲಾಗಿದೆ. ತೀರ ಈಚೆಗೆ 2024ರ ಮೇ 10 ಮತ್ತು 11ರ ಬಿರುಗಾಳಿಯ ಹೊತ್ತಿಗೆ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾಗಳು ಹಿಡಿದವು. ಬೇಸ್ ರೀಡಿಂಗ್ ನಿಮಿಷಕ್ಕೆ ಇಷ್ಟಕ್ಕಿಂತ ಹೆಚ್ಚು ಬದಲಾದರೆ ಎಚ್ಚರಿಸು ಎಂಬ ಸೌಕರ್ಯ ನಿಮ್ಮ ಸಾಫ್ಟ್‌ವೇರಿನಲ್ಲಿದ್ದರೆ ಅದನ್ನು ಇಂದೇ ಚಾಲೂ ಮಾಡಿ.

9. ಉಪಕರಣಕ್ಕೆ ಉಸಿರಾಡಲು ಬಿಡಿ

ಪ್ರೋಟಾನ್ ಉಪಕರಣ ಪ್ರತಿ ರೀಡಿಂಗಿಗೂ ಸುರುಳಿಗೆ ವಿದ್ಯುತ್ ಹರಿಸಿ, ನಿಲ್ಲಿಸಿ, ಆಮೇಲೆ ಆಲಿಸುತ್ತದೆ. ಇದಕ್ಕೆ ಒಂದೆರಡು ಸೆಕೆಂಡು, ಹಳೆಯವಕ್ಕೆ ಇನ್ನೂ ಹೆಚ್ಚು ಬೇಕು. ಸಾಫ್ಟ್‌ವೇರಿನಲ್ಲಿ ಅದಕ್ಕಿಂತ ಚಿಕ್ಕ ಮಧ್ಯಂತರ ಹಾಕಿದರೆ ಕೆಲವು ಪ್ರೋಗ್ರಾಂಗಳು ಹಿಂದಿನ ಅಂಕಿಯನ್ನೇ ಮತ್ತೆ ಬರೆಯುತ್ತವೆ. ಫೈಲಿನಲ್ಲಿ ಒಂದೇ ಅಂಕಿ ಜೋಡಿಜೋಡಿಯಾಗಿ ಕಂಡರೆ ಕಾರಣ ಇದೇ ಇರಬಹುದು. ಸೀಸಿಯಂ ಉಪಕರಣ ಸೆಕೆಂಡಿಗೆ ಹತ್ತು ರೀಡಿಂಗ್ ಸಲೀಸಾಗಿ ಕೊಡುತ್ತದೆ. ನಡೆಯುವವರಿಗೆ ಹತ್ತು ಸೆಂಟಿಮೀಟರಿಗೆ ಒಂದು, ಬೇಕಾದಷ್ಟಾಯಿತು.

10. 50 ಎಂಬ ಅಂಕಿ ಪರೀಕ್ಷಿಸಿ

ವಿದ್ಯುತ್ ತಂತಿಗಳ ಗದ್ದಲ ಸೋಸಲು ಅನೇಕ ಉಪಕರಣಗಳಲ್ಲಿ 50 ಅಥವಾ 60 ಹರ್ಟ್ಸ್ ಎಂಬ ಆಯ್ಕೆ ಇರುತ್ತದೆ. ಉತ್ತರ ಅಮೆರಿಕದಿಂದ ಬಂದ ಪೆಟ್ಟಿಗೆಯಲ್ಲಿ ಅದು 60ರಲ್ಲೇ ಇರಬಹುದು. ಭಾರತದ ವಿದ್ಯುತ್ 50 ಹರ್ಟ್ಸ್, ಅದೂ ಸದಾ ನಿಖರವಾಗಿ 50 ಅಲ್ಲ, ಸ್ವಲ್ಪ ಆಚೀಚೆ ತೂಗುತ್ತದೆ. ಇದರಿಂದಾಗುವ ಅನಾಹುತ ನೋಡಿ. ಜಾಲದ ಆವರ್ತನ 49.93 ಇದ್ದು, ಸೋಸದೆ ಸೆಕೆಂಡಿಗೆ ಹತ್ತು ಸಲ ಅಳೆದರೆ, ಆ ಗದ್ದಲ ಸುಮಾರು 14 ಸೆಕೆಂಡಿಗೆ ಒಮ್ಮೆ ಏರಿಳಿಯುವ ನಿಧಾನದ ಅಲೆಯಾಗಿ ಕಾಣುತ್ತದೆ. ಸೆಕೆಂಡಿಗೆ ಒಂದು ಮೀಟರ್ ನಡೆಯುವವರ ನಕ್ಷೆಯಲ್ಲಿ ಅದು 14 ಮೀಟರ್ ಅಗಲದ ಅಲೆ. ಥೇಟ್ ಒಂದು ಡೈಕ್! ಪಂಪ್‌ಸೆಟ್ಟಿನ ತಂತಿ ಹಾದುಹೋಗುವ ಹೊಲಗಳಲ್ಲಿ ಇಂಥ ಡೈಕುಗಳು ಧಾರಾಳವಾಗಿ ಸಿಗುತ್ತವೆ. ಫಿಲ್ಟರನ್ನು 50ಕ್ಕೆ ಇಟ್ಟು, ತಂತಿ ದಾಟಿದ ಜಾಗವನ್ನು ಸಾಫ್ಟ್‌ವೇರಿನ ಗುರುತು ಗುಂಡಿ ಒತ್ತಿ ದಾಖಲಿಸಿ.

11. ಕೋಲಾರದವರು ವಲಯ ನೋಡಿಕೊಳ್ಳಿ

ಸ್ಥಾನವನ್ನು ಮೀಟರುಗಳಲ್ಲಿ ಪಡೆಯಲು ಯುಟಿಎಂ ವಲಯ ಹಾಕಬೇಕು. ಕರ್ನಾಟಕದ ಬಹುಭಾಗ 43ನೇ ವಲಯ. ಆದರೆ 78 ಡಿಗ್ರಿ ರೇಖಾಂಶದಿಂದ ಪೂರ್ವಕ್ಕೆ 44 ಶುರುವಾಗುತ್ತದೆ. ಮಾಲೂರು 43ರಲ್ಲಿದೆ, ಕೋಲಾರ, ಕೆಜಿಎಫ್, ಮುಳಬಾಗಿಲು 44ರಲ್ಲಿವೆ. ವಲಯವನ್ನು ತಾನೇ ಆರಿಸಿಕೊಳ್ಳುವಂತೆ ಸಾಫ್ಟ್‌ವೇರಿಗೆ ಬಿಟ್ಟರೆ, ನಡೆಯುತ್ತಾ ನಡೆಯುತ್ತಾ 78 ದಾಟಿದ ಕ್ಷಣ ನಿಮ್ಮ ಬಿಂದುಗಳು ನಕ್ಷೆಯಲ್ಲಿ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಹಾರುತ್ತವೆ. ಇಡೀ ಯೋಜನೆಗೆ ಒಂದೇ ವಲಯ ನಿಗದಿ ಮಾಡಿ. ಜೊತೆಗೆ ಅಕ್ಷಾಂಶ ರೇಖಾಂಶವನ್ನೂ ಫೈಲಿನಲ್ಲಿ ಉಳಿಸಿ, ಏನೇ ಕೆಟ್ಟರೂ ಅದರಿಂದ ಮತ್ತೆ ಲೆಕ್ಕ ಹಾಕಬಹುದು. ಡೇಟಮ್ ಡಬ್ಲ್ಯುಜಿಎಸ್ 84 ಇರಲಿ. ಹಳೆಯ ಟೊಪೊ ಹಾಳೆಗಳು ಎವರೆಸ್ಟ್ ಡೇಟಮ್ಮಿನವು, ನೇರ ಮೇಲೆ ಹೊದಿಸಿದರೆ ಕೂಡುವುದಿಲ್ಲ.

12. ಹಾರೆ ಪರೀಕ್ಷೆ

ಉಪಕರಣ ಅಳೆದ ಕ್ಷಣಕ್ಕೂ ಲ್ಯಾಪ್‌ಟಾಪ್ ಬರೆದುಕೊಂಡ ಕ್ಷಣಕ್ಕೂ ನಡುವೆ ಸಣ್ಣ ತಡ ಇದ್ದೇ ಇರುತ್ತದೆ. ಕನ್ವರ್ಟರಿನ ಚಿಪ್, ವಿಂಡೋಸ್, ಸಾಫ್ಟ್‌ವೇರ್ ತಲಾ ಒಂದಿಷ್ಟು ಸೇರಿಸುತ್ತವೆ. ಜೊತೆಗೆ ಜಿಪಿಎಸ್ ಆಂಟೆನಾ ಬೆನ್ನ ಮೇಲಿದ್ದು ಸೆನ್ಸರ್ ಒಂದೂವರೆ ಮೀಟರ್ ಮುಂದಿರಬಹುದು. ಈ ಎಲ್ಲದರ ಮೊತ್ತವನ್ನು ಕಂಡುಹಿಡಿಯಲು ನನಗೆ ಗೊತ್ತಿರುವ ಅತ್ಯುತ್ತಮ ವಿಧಾನಕ್ಕೆ ಬೇಕಾದ್ದು ಒಂದು ಕಬ್ಬಿಣದ ಹಾರೆ ಮಾತ್ರ.

ಸಮತಟ್ಟು ಜಾಗದಲ್ಲಿ ಐವತ್ತು ಮೀಟರ್ ಹಗ್ಗ ಎಳೆಯಿರಿ. ನಡುವೆ ಅಡ್ಡಲಾಗಿ ಹಾರೆ ಮಲಗಿಸಿ, ಆ ಜಾಗದ ಸ್ಥಾನವನ್ನು ಸರಿಯಾಗಿ ಬರೆದುಕೊಳ್ಳಿ. ಹಗ್ಗದ ಗುಂಟ ಒಂದೇ ವೇಗದಲ್ಲಿ ಹೋಗಿ, ಅದೇ ವೇಗದಲ್ಲಿ ವಾಪಸ್ ಬನ್ನಿ. ಪರದೆಯ ಮೇಲೆ ಎರಡು ಗುರುತು ಮೂಡುತ್ತವೆ. ಎರಡೂ ಒಂದೇ ಕಡೆ ಇದ್ದರೆ ಆ ಮೊತ್ತ ಸೊನ್ನೆ. ಅರ್ಧ ಸೆಕೆಂಡು ತಡ ಇದ್ದು ನೀವು ಸೆಕೆಂಡಿಗೆ ಒಂದು ಮೀಟರ್ ನಡೆದಿದ್ದರೆ ಎರಡರ ನಡುವೆ ಒಂದು ಮೀಟರ್ ಅಂತರ ಬರುತ್ತದೆ. ಇನ್ನೊಮ್ಮೆ ಹೆಚ್ಚು ವೇಗದಲ್ಲಿ ನಡೆಯಿರಿ. ಅಂತರ ವೇಗದ ಜೊತೆ ಬೆಳೆದರೆ ಅದು ಸಮಯದ ತಡ, ಬೆಳೆಯದೆ ಹಾಗೇ ಉಳಿದರೆ ಆಂಟೆನಾ ಮತ್ತು ಸೆನ್ಸರಿನ ನಡುವಿನ ದೂರ. ಎರಡಕ್ಕೂ ಸಾಫ್ಟ್‌ವೇರಿನಲ್ಲಿ ಬೇರೆ ಬೇರೆ ಜಾಗ ಇದೆ, ಒಂದನ್ನು ಇನ್ನೊಂದರ ಜಾಗದಲ್ಲಿ ತುಂಬಬೇಡಿ.

ಹೋಗಿ ಬಂದು ಅಳೆಯುವ ಸರ್ವೆಯಲ್ಲಿ ಈ ತಿದ್ದುಪಡಿ ಬಿಟ್ಟರೆ ನೇರ ಡೈಕ್ ಕೂಡ ನಕ್ಷೆಯಲ್ಲಿ ಗರಗಸದ ಹಲ್ಲಾಗಿ ಕಾಣುತ್ತದೆ. ಕೇಬಲ್ ಬದಲಿಸಿದರೆ, ಲ್ಯಾಪ್‌ಟಾಪ್ ಬದಲಿಸಿದರೆ, ಸಾಫ್ಟ್‌ವೇರಿನ ಆವೃತ್ತಿ ಬದಲಿಸಿದರೆ ಹಾರೆ ಪರೀಕ್ಷೆ ಮತ್ತೆ ಮಾಡಿ.

13. ಸೆನ್ಸರ್ ಯಾವ ಕಡೆ ಮುಖ ಮಾಡಿದೆ?

ನಮ್ಮ ನಾಡಿನಲ್ಲಿ ಭೂಕಾಂತಕ್ಷೇತ್ರ ಹೆಚ್ಚುಕಡಿಮೆ ಅಡ್ಡವಾಗಿ, ಉತ್ತರದ ಕಡೆಗೆ ಹರಿಯುತ್ತದೆ. ಕೈಪಿಡಿಗಳ ಚಿತ್ರಗಳು ಸಾಮಾನ್ಯವಾಗಿ ಯುರೋಪ್, ಕೆನಡಾದಂಥ ಕಡಿದಾದ ಕ್ಷೇತ್ರದ ನಾಡುಗಳಿಗೆ ಹೊಂದುತ್ತವೆ. ಸೀಸಿಯಂ ಸೆನ್ಸರಿನ ಅಕ್ಷ ಕ್ಷೇತ್ರಕ್ಕೆ ಸುಮಾರು 45 ಡಿಗ್ರಿ ಓರೆಯಾಗಿದ್ದರೆ ಸಿಗ್ನಲ್ ಚೆನ್ನಾಗಿರುತ್ತದೆ. ಕ್ಷೇತ್ರಕ್ಕೆ ಸಮನಾಗಿ ಅಥವಾ ಲಂಬವಾಗಿ ನಿಂತರೆ ಸಿಗ್ನಲ್ ಸಾಯುತ್ತದೆ. ಪೂರ್ವ ಪಶ್ಚಿಮ ನಡೆಯುವಾಗ ಮುಂದಕ್ಕೆ ಬಾಗಿಸಿಟ್ಟ ಸೆನ್ಸರ್ ಇಲ್ಲಿ ಲಂಬಕ್ಕೆ ಹತ್ತಿರವಾಗಿಬಿಡುತ್ತದೆ. ಪ್ರೋಟಾನ್ ಸೆನ್ಸರಿನದು ಬೇರೆ ನಿಯಮ, ಅದರ ಸುರುಳಿಯ ಅಕ್ಷ ಕ್ಷೇತ್ರಕ್ಕೆ ಲಂಬವಾಗಿದ್ದಷ್ಟೂ ಒಳ್ಳೆಯದು. ಸಾಫ್ಟ್‌ವೇರಿನಲ್ಲಿ ಸಿಗ್ನಲ್ ಬಲ ತೋರಿಸುವ ಪಟ್ಟಿಯನ್ನು ಪರದೆಯ ಮೇಲೆ ಸದಾ ತೆರೆದಿಡಿ, ಫೈಲಿಗೂ ಬರೆಸಿ. ನಾಲ್ಕು ದಿಕ್ಕಿಗೆ ತಿರುಗಿ ಒಂದೇ ಬಿಂದುವಿನಲ್ಲಿ ಅಳೆದು, ದಿಕ್ಕು ಬದಲಾದರೆ ಅಂಕಿ ಎಷ್ಟು ಬದಲಾಗುತ್ತದೆ ನೋಡಿ.

ಸೆನ್ಸರಿನ ಹತ್ತಿರ ಬೆಲ್ಟಿನ ಬಕಲ್, ಕೀಲಿಗೊಂಚಲು, ಮೊಬೈಲ್, ಕೂದಲಿನ ಪಿನ್ ಯಾವುದೂ ಬೇಡ. ಲ್ಯಾಪ್‌ಟಾಪೂ ಅಷ್ಟೇ, ಅದರ ಸ್ಪೀಕರಿನಲ್ಲೇ ಅಯಸ್ಕಾಂತ ಇದೆ. ದೂರ ಇಮ್ಮಡಿ ಮಾಡಿದರೆ ಇಂಥ ವಸ್ತುಗಳ ಪ್ರಭಾವ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು ಮೀಟರ್ ಕೇಬಲಿಗೆ ಜಿಪುಣತನ ಮಾಡಬೇಡಿ.

14. ಲ್ಯಾಪ್‌ಟಾಪಿಗೆ ನಿದ್ದೆ ಮಾಡಲು ಬಿಡಬೇಡಿ

ಪರದೆ ಮುಚ್ಚಿದರೂ ಎಚ್ಚರ ಇರುವಂತೆ ಹಾಕಿ. ಯುಎಸ್‌ಬಿ ಪೋರ್ಟಿನ ವಿದ್ಯುತ್ ಉಳಿತಾಯ ಆರಿಸಿ. ಅಪ್‌ಡೇಟನ್ನು ಸರ್ವೆ ಮುಗಿಯುವವರೆಗೆ ತಡೆಹಿಡಿಯಿರಿ. ಉಪಕರಣದ ಸ್ವಂತ ಮೆಮೊರಿಯಲ್ಲೂ ಲಾಗಿಂಗ್ ನಡೆಯುತ್ತಿರಲಿ. ಅದು ಮೂಲ ಪ್ರತಿ, ಲ್ಯಾಪ್‌ಟಾಪಿನದು ಎರಡನೆಯದು. ಉಪಕರಣದಿಂದ ಇಳಿಸಿಕೊಳ್ಳುವ ಪ್ರೋಗ್ರಾಂ ಡಾಸ್ ಕಾಲದ 16 ಬಿಟ್ಟಿನದಾಗಿದ್ದರೆ ಈಗಿನ 64 ಬಿಟ್ ವಿಂಡೋಸಿನಲ್ಲಿ ಓಡುವುದೇ ಇಲ್ಲ. ಆ ಒಂದು ಕೆಲಸಕ್ಕಾಗಿ ಹಳೆಯ ಲ್ಯಾಪ್‌ಟಾಪೊಂದನ್ನು ಕಾಪಾಡಿಕೊಂಡಿರುವ ವಿಭಾಗಗಳು ಬುದ್ಧಿವಂತ ವಿಭಾಗಗಳು.

15. ಮೂಲ ಫೈಲ್ ಮುಟ್ಟಬೇಡಿ, ಸೆಟ್ಟಿಂಗ್ ಬರೆದಿಡಿ

ಬಯಲಿನಿಂದ ಬಂದ ಫೈಲನ್ನು ಮೊದಲು ಎರಡು ಕಡೆ ನಕಲು ಮಾಡಿ, ಬದಲಿಸಲಾಗದಂತೆ ಬೀಗ ಹಾಕಿ. ಅದನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ. 05-06 ಎಂಬುದು ಜೂನ್ 5ರಿಂದ ಮೇ 6 ಆಗಿಬಿಡಬಹುದು, ಸೆಕೆಂಡಿನ ದಶಾಂಶ ಮಾಯವಾಗಬಹುದು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಬರೆಸಿ. ಸಾಫ್ಟ್‌ವೇರ್ ಗಾಮಾ ಎಂಬ ಹಳೆಯ ಏಕಮಾನ ತೋರಿಸಿದರೆ ಚಿಂತೆಯಿಲ್ಲ, ಒಂದು ಗಾಮಾ ಅಂದರೆ ಒಂದು ನ್ಯಾನೊಟೆಸ್ಲಾ.

ಸಾಮಾನ್ಯ ಕ್ಷೇತ್ರವನ್ನು ಕಳೆಯಲು ಬಳಸುವ ಐಜಿಆರ್‌ಎಫ್ ಮಾದರಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. 2024ರ ಕೊನೆಯಲ್ಲಿ ಬಂದ 14ನೇ ಆವೃತ್ತಿ 2030ರವರೆಗೆ ನಡೆಯುತ್ತದೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಹಳೆಯದಿದ್ದರೆ ಹೊಸದನ್ನು ಹಾಕಿ. ಧ್ರುವಕ್ಕೆ ಇಳಿಸುವ (ರಿಡಕ್ಷನ್ ಟು ಪೋಲ್) ಲೆಕ್ಕದ ಗುಂಡಿ ಒತ್ತುವ ಮುನ್ನ ಎರಡು ಸಲ ಯೋಚಿಸಿ. ಕಡಿಮೆ ಬಾಗಿನ ನಮ್ಮ ಕ್ಷೇತ್ರದಲ್ಲಿ ಆ ಲೆಕ್ಕ ಉತ್ತರ ದಕ್ಷಿಣ ಪಟ್ಟೆಗಳನ್ನು ತಾನೇ ಹುಟ್ಟಿಸುತ್ತದೆ. ಬೆಂಗಳೂರು ಸುತ್ತಲಿನ, ಸುಮಾರು 237 ಕೋಟಿ ವರ್ಷ ಹಳೆಯ ಪೂರ್ವ ಪಶ್ಚಿಮ ಡೈಕುಗಳು ನಕ್ಷೆಯಲ್ಲಿ ತಗ್ಗಾಗಿ ಕಂಡರೆ ಅದು ತಪ್ಪಲ್ಲ, ಇಲ್ಲಿ ಅವು ಕಾಣುವುದೇ ಹಾಗೆ. ಉತ್ತರ ದಕ್ಷಿಣ ಡೈಕುಗಳ ಗುರುತು ಇನ್ನೂ ಮಂಕು, ಅದಕ್ಕಾಗಿ ಬಣ್ಣದ ಅಳತೆಪಟ್ಟಿಯನ್ನು ಕೈಯಾರೆ ಬಿಗಿಗೊಳಿಸಬೇಕು.

ಸಂಜೆ ಬಯಲು ಬಿಡುವ ಮೊದಲೇ ನಕ್ಷೆ ಒಮ್ಮೆ ತೆರೆದು ನೋಡಿ. ಗರಗಸದ ಹಲ್ಲು, ಜೋಡಿ ಅಂಕಿ, 14 ಮೀಟರಿನ ಅಲೆ, ಜಿಗಿದ ಸಮಯ, ಯಾವುದು ಕಂಡರೂ ಅಲ್ಲೇ ಒಂದು ಸಾಲನ್ನು ಮತ್ತೆ ನಡೆದರೆ ಸಾಕು.

ಮತ್ತೊಂದು ಕಳಕಳಿಯ ಮಾತು. ಕೊಲಾಬಾದವರು 1859ರಲ್ಲಿ ಯಾವ ಹೊತ್ತಿಗೆ, ಹೇಗೆ ಅಳೆದೆವು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟರು. ಆ ಕಾಗದಗಳನ್ನು ಓದಿ ವಿಜ್ಞಾನಿಗಳು ಆ ಬಿರುಗಾಳಿಯ ಬಲವನ್ನು ಲೆಕ್ಕಹಾಕಿ 2003ರಲ್ಲಿ ಪ್ರಕಟಿಸಿದರು. ನಮ್ಮ ಕಾಲೇಜುಗಳ ಭೂವಿಜ್ಞಾನ ವಿಭಾಗಗಳಲ್ಲಿ, ಅಂತರ್ಜಲದ ಕಚೇರಿಗಳಲ್ಲಿ ಬರೀ ಅಂಕಿಗಳ ಫೈಲುಗಳು ರಾಶಿಬಿದ್ದಿವೆ. ಯಾವ ಸಮಯಮಾನ, ಯಾವ ವಲಯ, ಯಾವ ಫಿಲ್ಟರ್, ಎಷ್ಟು ತಡ ಎಂಬುದು ಅವುಗಳ ಜೊತೆ ಇಲ್ಲದಿದ್ದರೆ ಯಾರಿಗೂ ಉಪಯೋಗಕ್ಕೆ ಬಾರವು. ಅಧ್ಯಾಪಕರು, ಅಧಿಕಾರಿಗಳು ದಯವಿಟ್ಟು ಒಂದು ನಿಯಮ ಮಾಡಿ: ಸೆಟ್ಟಿಂಗುಗಳ ಒಂದು ಪುಟ ಲಗತ್ತಿಸದ ಸರ್ವೆ ಫೈಲನ್ನು ಸ್ವೀಕರಿಸಬೇಡಿ.